ಫೋನಿನ ಆ್ಯಪ್‌ಗೆ ಮನೆಯ ಮ್ಯೂಸಿಕ್ ಸರ್ವರ್ ಆಗಾಗ ಸಿಗದಿದ್ದರೆ ಏನು ಮಾಡಬೇಕು?

ಮನೆಯಲ್ಲೇ ಮ್ಯೂಸಿಕ್ ಸರ್ವರ್ ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಬೆಳಗ್ಗೆ ಎಲ್ಲ ಸರಿಯಾಗಿತ್ತು. ಸಂಜೆ ಫೋನಿನಲ್ಲಿ ಆ್ಯಪ್ ತೆರೆದರೆ ಸರ್ವರ್ ಸಿಗ್ತಿಲ್ಲ ಅನ್ನುತ್ತೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ತಾನಾಗೇ ಬಂದಿರುತ್ತೆ. ಕೆಟ್ಟಿರೋದು ಆ್ಯಪ್ಪಾ, ಸರ್ವರಾ?”

ಹೆಚ್ಚಿನ ಸಲ ಎರಡೂ ಅಲ್ಲ. ಸರ್ವರ್ ತನ್ನ ಪಾಡಿಗೆ ಓಡುತ್ತಿರುತ್ತದೆ. ಆ್ಯಪ್ ಕೂಡ ಸರಿಯಾಗೇ ಇರುತ್ತದೆ. ನಡುವೆ ಎಲ್ಲೋ ಒಂದು ಕಡೆ ಇಬ್ಬರ ಭೇಟಿ ತಪ್ಪಿರುತ್ತದೆ. ಪೂರ್ತಿ ಕೆಟ್ಟುಹೋದದ್ದನ್ನು ಹುಡುಕುವುದು ಸುಲಭ. ಆಗಾಗ ಕೆಡುವುದು ಹಾಗಲ್ಲ. ನೀವು ಏನೇ ಮಾಡಿದರೂ, ಏನೂ ಮಾಡದಿದ್ದರೂ, ಸ್ವಲ್ಪ ಹೊತ್ತಿಗೆ ಅದು ಸರಿಹೋಗುತ್ತದೆ. ಆಗ “ಆ್ಯಪ್ ತೆಗೆದು ಮತ್ತೆ ಹಾಕಿದೆ, ಸರಿಹೋಯ್ತು” ಅನ್ನಿಸುತ್ತದೆ. ಎರಡು ದಿನಕ್ಕೆ ಮತ್ತೆ ಅದೇ ಕಥೆ. ಹಾಗಾಗಿ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡುವುದು, ರೂಟರಿಗೆ ಫ್ಯಾಕ್ಟರಿ ರಿಸೆಟ್ ಕೊಡುವುದು, ಪ್ಲೇ ಸ್ಟೋರ್‌ನಲ್ಲಿ ಒಂದು ಸ್ಟಾರ್ ಒತ್ತುವುದು, ಇವನ್ನೆಲ್ಲ ಸದ್ಯಕ್ಕೆ ತಡೆದುಕೊಳ್ಳಿ.

ಉದಾಹರಣೆಗೆ ಲಿರಿಯಾನ್ ಮ್ಯೂಸಿಕ್ ಸರ್ವರ್ ಅನ್ನು ಇಟ್ಟುಕೊಂಡಿದ್ದೇನೆ. ಹಿಂದೆ ಲಾಜಿಟೆಕ್ ಮೀಡಿಯಾ ಸರ್ವರ್ ಅಂತಿತ್ತಲ್ಲ, ಅದೇ. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಹಳೆ ಲ್ಯಾಪ್‌ಟಾಪ್, ನ್ಯಾಸ್ ಪೆಟ್ಟಿಗೆ, ಎಲ್ಲದರಲ್ಲೂ ಓಡುತ್ತದೆ. ನ್ಯಾಸ್ ಅಂದರೆ ನೆಟ್‌ವರ್ಕಿಗೆ ಸಿಕ್ಕಿಸಿ ಇಡುವ ಹಾರ್ಡ್‌ಡಿಸ್ಕ್ ಪೆಟ್ಟಿಗೆ. ನಿಮ್ಮದು ಜೆಲ್ಲಿಫಿನ್, ನ್ಯಾವಿಡ್ರೋಮ್ ಅಥವಾ ಪ್ಲೆಕ್ಸ್ ಆಗಿದ್ದರೂ ಹಂತಗಳು ಇವೇ. ಬದಲಾಗುವುದು ಮುಖ್ಯವಾಗಿ ಪೋರ್ಟ್ ಸಂಖ್ಯೆ.

ಹುಡುಕುವುದು ಬೇರೆ, ತಲುಪುವುದು ಬೇರೆ

ಇದೊಂದು ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ. ಆ್ಯಪ್ ತೆರೆದ ಕೂಡಲೇ ಅದು ತರಕಾರಿ ಗಾಡಿಯವನು ಬೀದಿಯಲ್ಲಿ ಕೂಗುವ ಹಾಗೆ ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತದೆ: ಇಲ್ಲಿ ಮ್ಯೂಸಿಕ್ ಸರ್ವರ್ ಯಾರಾದರೂ ಇದ್ದೀರಾ? ಸರ್ವರ್ ಅದನ್ನು ಕೇಳಿಸಿಕೊಂಡು “ನಾನಿದ್ದೇನೆ, ನನ್ನ ವಿಳಾಸ ಇದು” ಎನ್ನುತ್ತದೆ. ಇದು ಹುಡುಕಾಟ. ಆಮೇಲೆ ಆ್ಯಪ್ ಆ ವಿಳಾಸದ ಜೊತೆ ನೇರವಾಗಿ ಮಾತಾಡಿ ಆಲ್ಬಂ ಪಟ್ಟಿ ತರುತ್ತದೆ, ಹಾಡು ಹಾಕುತ್ತದೆ. ಇದು ತಲುಪುವುದು.

ನೇರ ಮಾತನ್ನು ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಕೂಗಿಗೆ ಮಾತ್ರ ಎಲ್ಲರೂ ಅಡ್ಡ. ಫೋನಿಗೆ ಬ್ಯಾಟರಿ ಚಿಂತೆ, ರೂಟರಿಗೆ ವೈಫೈ ದಟ್ಟಣೆಯ ಚಿಂತೆ, ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್‌ಗೆ ಸುರಕ್ಷತೆಯ ಚಿಂತೆ. “ಸರ್ವರ್ ಸಿಗುತ್ತಿಲ್ಲ” ಎಂಬ ಸಂದೇಶ ಬಂದಾಗ ನಿಜವಾಗಿ ತಪ್ಪಿದ್ದು ಬರೀ ಹುಡುಕಾಟ ಆಗಿರಬಹುದು. ಆ್ಯಪ್‌ಗಳು ಈ ಎರಡನ್ನೂ ಒಂದೇ ಸಂದೇಶದಲ್ಲಿ ಮುಗಿಸಿಬಿಡುತ್ತವೆ. ಅದೇ ದೊಡ್ಡ ಕಿರಿಕಿರಿ.

ಏನೇನು ಬೇಕು

ಮೊದಲನೆಯದು, ಸರ್ವರ್‌ನ ಐಪಿ ವಿಳಾಸ. ರೂಟರ್ ನಿಮ್ಮ ಮನೆಯ ಪ್ರತಿಯೊಂದು ಸಾಧನಕ್ಕೂ ಕೊಡುವ ಸಂಖ್ಯೆ ಇದು, 192.168.1.50 ಈ ಥರ ಇರುತ್ತದೆ. ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ‘ಕನೆಕ್ಟೆಡ್ ಡಿವೈಸಸ್’ ಪಟ್ಟಿ ನೋಡಿದರೆ ಸಿಗುತ್ತದೆ.

ಎರಡನೆಯದು, ಪೋರ್ಟ್. ಒಂದೇ ಕಂಪ್ಯೂಟರಿನಲ್ಲಿ ಹಲವು ಸೇವೆಗಳು ಇರುತ್ತವಲ್ಲ, ಯಾವುದಕ್ಕೆ ಯಾವ ಬಾಗಿಲು ಎಂದು ಹೇಳುವ ಸಂಖ್ಯೆ. ಯಾರೂ ಬದಲಾಯಿಸಿಲ್ಲದಿದ್ದರೆ ಲಿರಿಯಾನ್‌ಗೆ 9000, ನ್ಯಾವಿಡ್ರೋಮ್‌ಗೆ 4533, ಜೆಲ್ಲಿಫಿನ್‌ಗೆ 8096, ಪ್ಲೆಕ್ಸ್‌ಗೆ 32400.

ಇದರ ಜೊತೆ ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬೇಕು. ವೈಫೈ ಪಾಸ್‌ವರ್ಡ್ ಅಲ್ಲ, ರೂಟರ್ ಸೆಟ್ಟಿಂಗ್ಸ್‌ಗೆ ಹೋಗುವ ಪಾಸ್‌ವರ್ಡ್. ಬಹಳ ರೂಟರ್‌ಗಳಲ್ಲಿ ಅಡಿಯ ಸ್ಟಿಕ್ಕರ್ ಮೇಲೆ ಇರುತ್ತದೆ. ಹೋಲಿಸಿ ನೋಡಲು ಇನ್ನೊಂದು ಫೋನ್ ಅಥವಾ ಲ್ಯಾಪ್‌ಟಾಪ್ ಹತ್ತಿರ ಇರಲಿ. ಬರೆದುಕೊಳ್ಳಲು ಒಂದು ಚೀಟಿ ಕೂಡ.

ಹಂತ 1: ತಪ್ಪಿದ ಗಳಿಗೆಯಲ್ಲೇ ಬ್ರೌಸರ್ ತೆರೆಯಿರಿ

ಸರ್ವರ್ ಕಾಣೆಯಾದಾಗ ಏನನ್ನೂ ರೀಸ್ಟಾರ್ಟ್ ಮಾಡಬೇಡಿ. ಮಾಡಿದರೆ ಸಾಕ್ಷಿ ಅಳಿಸಿಹೋಗುತ್ತದೆ. ಆ್ಯಪ್ ಹಾಗೇ ಬಿಟ್ಟು ಅದೇ ಫೋನಿನಲ್ಲಿ ಬ್ರೌಸರ್ ತೆರೆದು ವಿಳಾಸ, ಒಂದು ಕೋಲನ್, ಪೋರ್ಟ್ ಬರೆಯಿರಿ. ನಮ್ಮ ಉದಾಹರಣೆಯಲ್ಲಿ 192.168.1.50:9000.

ಇಲ್ಲಿ ಎರಡು ಎಡವಟ್ಟು ಆಗುತ್ತವೆ. ಈಗಿನ ಕೆಲವು ಬ್ರೌಸರ್‌ಗಳು ಮೊದಲು ಎಚ್‌ಟಿಟಿಪಿಎಸ್ ದಾರಿಯಲ್ಲಿ ಹೋಗಿ ನೋಡಬಹುದು. ಮನೆಯ ಸರ್ವರ್‌ಗಳು ಸಾಮಾನ್ಯವಾಗಿ ಕೊನೆಯ ಎಸ್ ಇಲ್ಲದ ಎಚ್‌ಟಿಟಿಪಿಯಲ್ಲೇ ಇರುತ್ತವೆ. ಹಾಗಾಗಿ ವಿಳಾಸದ ಮುಂದೆ ಎಸ್ ಇಲ್ಲದ ಎಚ್‌ಟಿಟಿಪಿಯನ್ನು (http://) ನೀವೇ ಬರೆಯಿರಿ. ಇನ್ನೊಂದು, ಐಫೋನ್‌ನಲ್ಲಿ ಈ ಪರೀಕ್ಷೆಯನ್ನು ಸಫಾರಿಯಲ್ಲೇ ಮಾಡಿ. ಕ್ರೋಮ್‌ಗೆ ಮನೆಯ ನೆಟ್‌ವರ್ಕ್ ನೋಡುವ ಅನುಮತಿ ಬೇರೆಯಾಗಿ ಬೇಕು. ಅದು ಇಲ್ಲದಿದ್ದರೆ ಸರ್ವರ್ ಸತ್ತಿದೆ ಎಂದು ಸುಮ್ನೆ ತಪ್ಪು ತಿಳಿಯುತ್ತೀರಿ.

ಫಲಿತಾಂಶ ಮೂರು ಥರ ಬರಬಹುದು.

ಪುಟ ತೆರೆಯಿತು, ಆ್ಯಪ್‌ಗೆ ಮಾತ್ರ ಸಿಗುತ್ತಿಲ್ಲ: ಸರ್ವರ್, ವೈಫೈ, ವಿಳಾಸ ಎಲ್ಲ ಸರಿ. ತಪ್ಪಿದ್ದು ಹುಡುಕಾಟ, ಅಥವಾ ಆ್ಯಪ್‌ನ ಅನುಮತಿ. 2, 4, 6ನೇ ಹಂತ ಮತ್ತು 5ನೇ ಹಂತದ ಫೈರ್‌ವಾಲ್ ಭಾಗ ನಿಮಗೆ.

ಈ ಫೋನಿನಲ್ಲಿ ತೆರೆಯಲಿಲ್ಲ, ಇನ್ನೊಂದು ಸಾಧನದಲ್ಲಿ ತೆರೆಯಿತು: ಈ ಫೋನ್ ಬೇರೆ ಎಲ್ಲೋ ಇದೆ. 3 ಮತ್ತು 4ನೇ ಹಂತ.

ಎಲ್ಲೂ ತೆರೆಯಲಿಲ್ಲ: ಸರ್ವರ್ ಮಲಗಿದೆ ಅಥವಾ ಅದರ ವಿಳಾಸ ಬದಲಾಗಿದೆ. 2 ಮತ್ತು 5ನೇ ಹಂತ.

ಚೀಟಿಯಲ್ಲಿ ಸಮಯ ಮತ್ತು ಫಲಿತಾಂಶ ಬರೆಯಿರಿ. ಒಂದೇ ಸಲ ನೋಡಿ ತೀರ್ಮಾನಕ್ಕೆ ಬರಬೇಡಿ. ಎರಡು ಮೂರು ಸಲ ಒಂದೇ ಉತ್ತರ ಬಂದರೆ ನಂಬಬಹುದು.

ಹಂತ 2: ಸರ್ವರ್‌ಗೆ ಖಾಯಂ ವಿಳಾಸ ಕೊಡಿ

ಫಲಿತಾಂಶ ಏನೇ ಬಂದಿರಲಿ, ಈ ಕೆಲಸ ಮಾಡಿಬಿಡಿ. ಹೇಗಿದ್ದರೂ ಬೇಕಾಗುತ್ತದೆ.

ರೂಟರ್ ವಿಳಾಸಗಳನ್ನು ಬಾಡಿಗೆಗೆ ಕೊಡುತ್ತದೆ. ಇದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಅವಧಿ ಮುಗಿಯುವ ಮುಂಚೆ ಸಾಧನ ಕೇಳಿಕೊಂಡರೆ ಅದೇ ವಿಳಾಸ ಮುಂದುವರಿಯುತ್ತದೆ. ಇಲ್ಲದಿದ್ದರೆ ಬೇರೆಯವರಿಗೆ ಹೋಗಬಹುದು. ಕರೆಂಟ್ ಹೋಗಿ ಬಂದಾಗಲಂತೂ ವಿಳಾಸ ಅದಲುಬದಲಾಗುವ ಸಂಭವ ಜಾಸ್ತಿ. ನಿನ್ನೆ 50 ಇದ್ದ ಸರ್ವರ್ ಇವತ್ತು 53 ಆಗಿರುತ್ತದೆ, ಆ್ಯಪ್ ಇನ್ನೂ 50ರ ಬಾಗಿಲು ತಟ್ಟುತ್ತಿರುತ್ತದೆ.

ಪರಿಹಾರ ರೂಟರ್‌ನಲ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ‘ಡಿಎಚ್‌ಸಿಪಿ ರಿಸರ್ವೇಶನ್’, ‘ಅಡ್ರೆಸ್ ರಿಸರ್ವೇಶನ್’ ಅಥವಾ ‘ಸ್ಟ್ಯಾಟಿಕ್ ಲೀಸ್’ ಎಂದು ಇರುತ್ತದೆ. ಪಟ್ಟಿಯಲ್ಲಿ ಸರ್ವರ್ ಆರಿಸಿ, ಒಂದು ವಿಳಾಸ ಕಟ್ಟಿಹಾಕಿ, ಸೇವ್ ಮಾಡಿ, ಸರ್ವರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ.

ಗಮನಿಸಬೇಕಾದ್ದು ಇಷ್ಟು. ಸರ್ವರ್‌ಗೆ ವೈಫೈ ಮತ್ತು ಲ್ಯಾನ್ ಕೇಬಲ್ ಎರಡೂ ಇದ್ದರೆ ರೂಟರ್ ಅದನ್ನು ಎರಡು ಸಾಧನ ಎಂದೇ ತಿಳಿಯುತ್ತದೆ. ಎರಡಕ್ಕೂ ಮ್ಯಾಕ್ ವಿಳಾಸ, ಅಂದರೆ ಯಂತ್ರಕ್ಕೆ ಹುಟ್ಟಿನಿಂದ ಬಂದ ಗುರುತಿನ ಸಂಖ್ಯೆ, ಬೇರೆ ಬೇರೆ. ನೀವು ಒಂದಕ್ಕೆ ಕಟ್ಟಿಹಾಕಿ, ಸರ್ವರ್ ಇನ್ನೊಂದರಲ್ಲಿ ಓಡುತ್ತಿದ್ದರೆ ಪ್ರಯೋಜನವಿಲ್ಲ. ಕೇಬಲ್ ಹಾಕಿದ ಮೇಲೆ ಸರ್ವರ್‌ನ ವೈಫೈ ಆಫ್ ಮಾಡಿಬಿಡುವುದು ಒಳ್ಳೆಯದು. ಹಾಗೆಯೇ ವಿಳಾಸವನ್ನು ಸರ್ವರ್‌ನ ಒಳಗೂ ಬರೆದು ರೂಟರ್‌ನಲ್ಲೂ ಕಟ್ಟಿಹಾಕಬೇಡಿ. ಒಂದೇ ಕಡೆ ಸಾಕು. ನನ್ನ ಮತ ರೂಟರ್ ಕಡೆಗೆ.

ಕರೆಂಟ್ ಬಂದಾಗ ಸರ್ವರ್ ಬೇಗ ಎದ್ದು ರೂಟರ್ ತಡವಾಗಿ ಎದ್ದರೆ ಇನ್ನೊಂದು ತೊಂದರೆ ಆಗುತ್ತದೆ. ವಿಳಾಸ ಕೊಡುವವರೇ ಇಲ್ಲದೆ ಸರ್ವರ್ ತಾನೇ 169.254 ಎಂದು ಶುರುವಾಗುವ ಒಂದು ವಿಳಾಸ ಹಾಕಿಕೊಳ್ಳುತ್ತದೆ. ಆ ವಿಳಾಸ ಕಂಡರೆ ಅರ್ಥ ಇಷ್ಟೇ: ರೂಟರ್ ಸಿಗಲಿಲ್ಲ. ರೂಟರಿಗೆ ಒಂದು ಪುಟ್ಟ 12 ವೋಲ್ಟ್ ಯುಪಿಎಸ್ ಹಾಕಿದರೆ ಈ ರಗಳೆ ಬಹುತೇಕ ನಿಲ್ಲುತ್ತದೆ. ಆದರೆ ಕೊಳ್ಳುವ ಮೊದಲು ನಿಮ್ಮ ರೂಟರ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಓದಿಕೊಳ್ಳಿ. ಎಲ್ಲವೂ 12 ವೋಲ್ಟ್ ಅಲ್ಲ.

ಈಗ ಆ್ಯಪ್‌ಗೆ ಬನ್ನಿ. ‘ಆಟೋ ಡಿಸ್ಕವರಿ’ ಬಿಟ್ಟು, ಸರ್ವರ್ ವಿಳಾಸವನ್ನು ಕೈಯಾರೆ ಬರೆಯಲು ಅವಕಾಶ ಇದೆಯೇ ನೋಡಿ. ಲಿರಿಯಾನ್‌ನ ಆ್ಯಪ್‌ಗಳಲ್ಲಿ, ಜೆಲ್ಲಿಫಿನ್‌ನಲ್ಲಿ ಇದೆ. ಬರೆದುಬಿಟ್ಟರೆ ಹುಡುಕಾಟದ ಗೊಡವೆಯೇ ಇಲ್ಲ. ಬಹಳ ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಮುಗಿದರೆ ಮುಂದಿನದನ್ನು ಓದುವ ಅಗತ್ಯವಿಲ್ಲ, ಹಾಡು ಕೇಳಿ.

ನ್ಯಾವಿಡ್ರೋಮ್‌ಗೆ ಬಳಸುವ ಸಬ್‌ಸಾನಿಕ್ ಮಾದರಿಯ ಆ್ಯಪ್‌ಗಳಲ್ಲಿ ವಿಳಾಸವನ್ನು ಮೊದಲೇ ನೀವೇ ಬರೆದಿರುತ್ತೀರಿ. ಅಲ್ಲಿ ಸರ್ವರ್ ತಪ್ಪಿದರೆ ಹುಡುಕಾಟವನ್ನು ದೂರಬೇಡಿ, ವಿಳಾಸ ಬದಲಾಗಿದೆಯೇ ನೋಡಿ. ಡಿಎಲ್‌ಎನ್‌ಎ ಆ್ಯಪ್‌ಗಳ ಕಥೆ ಇದಕ್ಕೆ ತದ್ವಿರುದ್ಧ. ಟಿವಿ, ಸ್ಪೀಕರ್‌ಗಳಿಗೆ ಹಾಡು ಕಳಿಸುವ ಹಳೆಯ ಪದ್ಧತಿ ಅದು, ಕೂಗನ್ನೇ ನಂಬಿಕೊಂಡು ನಡೆಯುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ವಿಳಾಸ ಬರೆಯುವ ಜಾಗವೇ ಇರುವುದಿಲ್ಲ. ನೀವು 6ನೇ ಹಂತವನ್ನು ಗಮನವಿಟ್ಟು ಓದಬೇಕು.

ಹಂತ 3: ಫೋನ್ ಮತ್ತು ಸರ್ವರ್ ಒಂದೇ ನೆಟ್‌ವರ್ಕಿನಲ್ಲಿವೆಯೇ?

“ಒಂದೇ ವೈಫೈ ಸಾರ್, ಹೆಸರೂ ಒಂದೇ” ಎನ್ನುವವರ ಮನೆಯಲ್ಲೇ ಎರಡು ನೆಟ್‌ವರ್ಕ್ ಇರುತ್ತದೆ. ಫೈಬರ್ ಕಂಪನಿಯವರು ಹಾಕಿದ ಪೆಟ್ಟಿಗೆ ಒಂದು. ಅದಕ್ಕೆ ಒಎನ್‌ಟಿ ಎನ್ನುತ್ತಾರೆ, ಅದರಲ್ಲೂ ವೈಫೈ ಇರುತ್ತದೆ. ಸಿಗ್ನಲ್ ಸಾಲದು ಎಂದು ನೀವು ಕೊಂಡ ರೂಟರ್ ಇನ್ನೊಂದು. ಎರಡೂ ಬೇರೆ ಬೇರೆ ವಿಳಾಸ ಹಂಚುತ್ತಿರುತ್ತವೆ. ಹಾಲ್‌ನಲ್ಲಿದ್ದಾಗ ಫೋನ್ ಒಂದಕ್ಕೆ ಅಂಟಿಕೊಳ್ಳುತ್ತದೆ, ಮಹಡಿಗೆ ಹೋದರೆ ಇನ್ನೊಂದಕ್ಕೆ. ಇಂಟರ್ನೆಟ್ ಎರಡರಲ್ಲೂ ಬರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮ್ಯೂಸಿಕ್ ಆ್ಯಪ್‌ಗೆ ಮಾತ್ರ ಗೊತ್ತಾಗುತ್ತದೆ.

ಕಂಡುಹಿಡಿಯುವುದು ಸುಲಭ. ಫೋನಿನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ, ಐಪಿ ವಿಳಾಸ ನೋಡಿ. ಮೊದಲ ಮೂರು ಭಾಗ ಸರ್ವರ್ ವಿಳಾಸದ ಜೊತೆ ಹೊಂದಬೇಕು. ಸರ್ವರ್ 192.168.0.50, ಫೋನ್ 192.168.29.14 ಎಂದಿದ್ದರೆ ಇಬ್ಬರೂ ಬೇರೆ ಬೇರೆ ಕಡೆ ಇದ್ದಾರೆ. ಜಿಯೋಫೈಬರ್ ಪೆಟ್ಟಿಗೆಗಳು 192.168.29 ಎಂದು ಶುರುವಾಗುವ ವಿಳಾಸ ಕೊಡುತ್ತವೆ. ಅಂಗಡಿಯಿಂದ ತಂದ ರೂಟರ್‌ಗಳು ಸಾಮಾನ್ಯವಾಗಿ 192.168.0 ಅಥವಾ 192.168.1. ಆದ್ದರಿಂದ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ. ಒಳಗಿನ ರೂಟರ್‌ನಲ್ಲಿರುವ ಫೋನ್, ಹೊರಗಿನ ಪೆಟ್ಟಿಗೆಗೆ ಸಿಕ್ಕಿಸಿದ ಸರ್ವರನ್ನು ವಿಳಾಸ ಬರೆದರೆ ತಲುಪಬಲ್ಲದು. ಹಿಂದುಮುಂದಾದರೆ, ಅಂದರೆ ಸರ್ವರ್ ಒಳಗೆ, ಫೋನ್ ಹೊರಗೆ ಇದ್ದರೆ, ತಲುಪಲಾರದು. ಕೂಗಂತೂ ಎರಡೂ ಕಡೆಗೆ ದಾಟುವುದಿಲ್ಲ. “ಮನೆಯವರ ಫೋನಿನಲ್ಲಿ ಬರುತ್ತೆ, ನನ್ನದರಲ್ಲಿ ಬರಲ್ಲ” ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ಸರಿಪಡಿಸಲು ನಿಮ್ಮ ರೂಟರನ್ನು ‘ಆ್ಯಕ್ಸೆಸ್ ಪಾಯಿಂಟ್ ಮೋಡ್‌’ಗೆ ಹಾಕಿ. ಆಗ ಅದು ವಿಳಾಸ ಹಂಚುವುದನ್ನು ನಿಲ್ಲಿಸಿ ಬರೀ ವೈಫೈ ಕೊಡುತ್ತದೆ, ಇಡೀ ಮನೆ ಒಂದೇ ನೆಟ್‌ವರ್ಕ್ ಆಗುತ್ತದೆ. ಮೋಡ್ ಬದಲಾದ ಮೇಲೆ ಆ ರೂಟರ್‌ನ ವಿಳಾಸವೂ ಬದಲಾಗುತ್ತದೆ, ಹಳೆ ವಿಳಾಸದಲ್ಲಿ ಸೆಟ್ಟಿಂಗ್ಸ್ ಪುಟ ತೆರೆಯಲಿಲ್ಲ ಎಂದು ಗಾಬರಿ ಬೀಳಬೇಡಿ. ಸರ್ವರ್ ಈ ರೂಟರಿಗೆ ಸಿಕ್ಕಿದ್ದರೆ ಅದಕ್ಕೆ ಇನ್ನು ಮೇಲೆ ವಿಳಾಸ ಕೊಡುವುದು ಒಎನ್‌ಟಿ. 2ನೇ ಹಂತದ ರಿಸರ್ವೇಶನನ್ನು ಅಲ್ಲಿ ಮತ್ತೊಮ್ಮೆ ಮಾಡಬೇಕಾಗುತ್ತದೆ.

ಮೋಡ್ ಬದಲಾಯಿಸಲು ಇಷ್ಟವಿಲ್ಲವೇ? ಒಎನ್‌ಟಿಯ ವೈಫೈ ಆಫ್ ಮಾಡಿ, ಎಲ್ಲವನ್ನೂ ನಿಮ್ಮ ರೂಟರಿಗೇ ಸೇರಿಸಿ. ಅದೂ ನಡೆಯುತ್ತದೆ.

ಇನ್ನು ‘ಗೆಸ್ಟ್ ನೆಟ್‌ವರ್ಕ್’. ಅತಿಥಿಗಳಿಗೆ ಇಂಟರ್ನೆಟ್ ಮಾತ್ರ ಸಿಗಲಿ, ಮನೆಯ ಸಾಧನಗಳು ಕಾಣದಿರಲಿ ಎಂದೇ ಅದನ್ನು ಮಾಡಿರುವುದು. ಫೋನ್ ಯಾವಾಗಲೋ ಅದಕ್ಕೆ ಸೇರಿ ನೆನಪಿಟ್ಟುಕೊಂಡಿದ್ದರೆ ಆಗಾಗ ಅದಕ್ಕೇ ಹೋಗುತ್ತದೆ. ಫೋನಿನಲ್ಲಿ ಆ ಹೆಸರನ್ನು ‘ಫರ್ಗೆಟ್’ ಮಾಡಿ. ರೂಟರ್‌ನಲ್ಲಿ ‘ಎಪಿ ಐಸೊಲೇಶನ್’ ಅಥವಾ ‘ಕ್ಲೈಂಟ್ ಐಸೊಲೇಶನ್’ ಆನ್ ಇದ್ದರೂ ಇದೇ ಪರಿಣಾಮ. ಆಫ್ ಮಾಡಿ.

ಹಂತ 4: ಫೋನಿನ ಸೆಟ್ಟಿಂಗ್ಸ್

ಐಫೋನ್‌ನವರಿಗೆ ಮೊದಲು. 2020ರಲ್ಲಿ ಬಂದ ಐಒಎಸ್ 14ರಿಂದ ಪ್ರತಿ ಆ್ಯಪ್ ಮನೆಯ ನೆಟ್‌ವರ್ಕ್ ನೋಡಲು ಅನುಮತಿ ಕೇಳಬೇಕು. ಆ ಪ್ರಶ್ನೆ ಒಮ್ಮೆ ಬರುತ್ತದೆ, ಅವಸರದಲ್ಲಿ ಬೇಡ ಎಂದು ಒತ್ತಿದರೆ ಮುಗಿಯಿತು. ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಲೋಕಲ್ ನೆಟ್‌ವರ್ಕ್ ಎಂದು ಹೋಗಿ. ಆ್ಯಪ್ ಮುಂದಿನ ಸ್ವಿಚ್ ಆನ್ ಇರಬೇಕು. ಆನ್ ಇದ್ದೂ ಕೆಲಸ ಮಾಡದಿದ್ದರೆ ಆಫ್ ಮಾಡಿ, ಮತ್ತೆ ಆನ್ ಮಾಡಿ, ಫೋನನ್ನು ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಮಾಡದೆ ಬಿಟ್ಟರೆ ಕೆಲವು ಸಲ ಬದಲಾವಣೆ ಹತ್ತುವುದೇ ಇಲ್ಲ.

ಆಂಡ್ರಾಯ್ಡ್‌ನಲ್ಲಿ ಕಾಟ ಕೊಡುವುದು ಬ್ಯಾಟರಿ ಉಳಿತಾಯ. ಎಲ್ಲರಿಗೂ ಎಂದು ಬರುವ ಕೂಗನ್ನು ಆಂಡ್ರಾಯ್ಡ್ ಸುಮ್ಮನೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆ್ಯಪ್ ವಿಶೇಷವಾಗಿ ಕೇಳಿಕೊಂಡರೆ ಮಾತ್ರ ಕೇಳಿಸುತ್ತದೆ. ಇದರ ಮೇಲೆ 2015ರ ಆಂಡ್ರಾಯ್ಡ್ 6ರಿಂದ ‘ಡೋಜ್’ ಎಂಬ ನಿದ್ದೆ ಬೇರೆ. ಪರದೆ ಆಫ್ ಮಾಡಿ ಫೋನ್ ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತಾದರೆ ಹಿಂದೆ ಓಡುವ ಆ್ಯಪ್‌ಗಳ ನೆಟ್‌ವರ್ಕ್ ಕತ್ತರಿಸುತ್ತದೆ. ಸಾಲದ್ದಕ್ಕೆ ಶಿಯೋಮಿ, ಒಪ್ಪೊ, ವಿವೊ, ಸ್ಯಾಮ್‌ಸಂಗ್ ಒಬ್ಬೊಬ್ಬರೂ ತಮ್ಮದೇ ಉಳಿತಾಯ ಸೇರಿಸಿದ್ದಾರೆ.

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಹೆಸರು ಹುಡುಕಿ, ‘ಬ್ಯಾಟರಿ’ಗೆ ಹೋಗಿ, ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಸ್ಯಾಮ್‌ಸಂಗ್‌ನಲ್ಲಿ ‘ನೆವರ್ ಸ್ಲೀಪಿಂಗ್ ಆ್ಯಪ್ಸ್’ ಪಟ್ಟಿಗೂ ಸೇರಿಸಿ. ಶಿಯೋಮಿಯಲ್ಲಿ ‘ಆಟೋಸ್ಟಾರ್ಟ್’ ಕೂಡ ಆನ್ ಮಾಡಿ. ಆಂಡ್ರಾಯ್ಡ್ 13 ಅಥವಾ ಅದಕ್ಕಿಂತ ಹೊಸದಾದರೆ ಕೆಲವು ಆ್ಯಪ್‌ಗಳು ‘ನಿಯರ್‌ಬೈ ಡಿವೈಸಸ್’ ಅನುಮತಿ ಕೇಳುತ್ತವೆ. ಬ್ಲೂಟೂತ್‌ಗೆ ಇರಬೇಕು ಎಂದು ಬೇಡ ಒತ್ತಬೇಡಿ, ವೈಫೈಗೂ ಅದೇ.

ಲಕ್ಷಣ ಗುರುತಿಸುವುದು ಹೀಗೆ: ಹಾಡು ಸ್ಪೀಕರ್‌ನಲ್ಲಿ ಹಾಡುತ್ತಲೇ ಇದೆ, ಫೋನಿನಲ್ಲಿ ಮಾತ್ರ ಸರ್ವರ್ ಮಾಯ ಎಂದರೆ ನಿದ್ದೆಗೆ ಹೋಗಿರುವುದು ಫೋನ್. ಸರ್ವರ್ ಅಲ್ಲ.

ಮೊಬೈಲ್ ಡೇಟಾ ಕೂಡ ನೋಡಿ. ವೈಫೈ ಸ್ವಲ್ಪ ಸೊರಗಿದರೆ ಸಾಕು, ಕೆಲವು ಫೋನ್‌ಗಳು ಹೇಳದೆ ಕೇಳದೆ ಡೇಟಾಗೆ ಹಾರುತ್ತವೆ. ಐಫೋನ್‌ನಲ್ಲಿ ಇದರ ಹೆಸರು ‘ವೈಫೈ ಅಸಿಸ್ಟ್’. ಆಂಡ್ರಾಯ್ಡ್‌ನಲ್ಲಿ ‘ಸ್ವಿಚ್ ಟು ಮೊಬೈಲ್ ಡೇಟಾ’ ಈ ಥರದ ಹೆಸರು ಇರುತ್ತದೆ. ಒಂದು ಸಂಜೆ ಡೇಟಾ ಪೂರ್ತಿ ಆಫ್ ಮಾಡಿಟ್ಟು ನೋಡಿ. ಆಗ ಸಮಸ್ಯೆ ಬರದಿದ್ದರೆ ಕಳ್ಳ ಸಿಕ್ಕಿದ.

ವಿಪಿಎನ್ ಆನ್ ಇದ್ದರೆ ಫೋನಿನ ಮಾತೆಲ್ಲ ಬೇರೆಲ್ಲಿಗೋ ಹೋಗಿ ಬರುತ್ತದೆ. ಜಾಹೀರಾತು ತಡೆಯುವ ಆ್ಯಪ್‌ಗಳಲ್ಲಿ ಬಹಳಷ್ಟು ಒಳಗೊಳಗೇ ವಿಪಿಎನ್ ಥರವೇ ಕೆಲಸ ಮಾಡುತ್ತವೆ. ಮೇಲಿನ ಪಟ್ಟಿಯಲ್ಲಿ ಬೀಗದ ಕೈ ಗುರುತು ಕಾಣುತ್ತಿದ್ದರೆ ಅದನ್ನು ಆಫ್ ಮಾಡಿ ಪರೀಕ್ಷಿಸಿ.

ಹಂತ 5: ಸರ್ವರ್ ನಿದ್ದೆ ಮಾಡುತ್ತಿದೆಯೇ?

ಹಳೆ ಲ್ಯಾಪ್‌ಟಾಪ್ ಸರ್ವರ್ ಆಗಿದ್ದರೆ ‘ಸ್ಲೀಪ್’ ಅನ್ನು ‘ನೆವರ್’ ಮಾಡಿ. ಮುಚ್ಚಳ ಮುಚ್ಚಿದಾಗ ‘ಡು ನಥಿಂಗ್’ ಎಂದು ಇಡಿ. ಇವೆರಡೂ ಬೇರೆ ಬೇರೆ ಸೆಟ್ಟಿಂಗ್, ಒಂದು ಮಾಡಿ ಇನ್ನೊಂದನ್ನು ಬಿಡುವವರೇ ಜಾಸ್ತಿ. ವಿಂಡೋಸ್‌ನಲ್ಲಿ ಮನೆಯ ನೆಟ್‌ವರ್ಕ್ ‘ಪಬ್ಲಿಕ್’ ಎಂದಿದೆಯೋ ‘ಪ್ರೈವೇಟ್’ ಎಂದಿದೆಯೋ ನೋಡಿ. ರೂಟರ್ ಬದಲಾಯಿಸಿದಾಗ ಅದು ಹೊಸ ನೆಟ್‌ವರ್ಕ್ ಎಂದು ತಿಳಿದು ಪಬ್ಲಿಕ್ ಮಾಡಿಕೊಳ್ಳಬಹುದು. ಆಗ ಫೈರ್‌ವಾಲ್ ಬಿಗಿಯಾಗುತ್ತದೆ.

ಫೈರ್‌ವಾಲ್‌ನಲ್ಲಿ ಒಂದು ಸೂಕ್ಷ್ಮ ಇದೆ. ಲಿರಿಯಾನ್‌ಗೆ ಟಿಸಿಪಿ 9000 ತೆರೆದು ಸುಮ್ಮನಾಗುತ್ತಾರೆ. ಬ್ರೌಸರ್‌ನಲ್ಲಿ ಪುಟ ಚೆನ್ನಾಗಿ ತೆರೆಯುತ್ತದೆ. ಆದರೆ ಹುಡುಕಾಟದ ಕೂಗು ಬರುವುದು ಯುಡಿಪಿ 3483ರಲ್ಲಿ. ಅದು ಮುಚ್ಚಿದ್ದರೆ ಆ್ಯಪ್‌ಗೆ ಸರ್ವರ್ ಕಾಣುವುದಿಲ್ಲ. ಟಿಸಿಪಿ, ಯುಡಿಪಿ ಎಂದರೆ ದತ್ತಾಂಶ ಸಾಗಿಸುವ ಎರಡು ವಿಧಾನ. ಸಂಖ್ಯೆ ಒಂದೇ ಇದ್ದರೂ ಫೈರ್‌ವಾಲ್‌ಗೆ ಎರಡೂ ಬೇರೆ. 3483ನ್ನು ಎರಡರಲ್ಲೂ ತೆರೆಯಿರಿ, ಪ್ಲೇಯರ್‌ಗಳು ಸೇರುವುದು ಅದರ ಟಿಸಿಪಿಯಲ್ಲೇ. ಕೆಲವು ಆ್ಯಪ್‌ಗಳಿಗೆ ಟಿಸಿಪಿ 9090 ಕೂಡ ಬೇಕು. ಜೆಲ್ಲಿಫಿನ್‌ನ ಹುಡುಕಾಟ ಯುಡಿಪಿ 7359ರಲ್ಲಿ ನಡೆಯುತ್ತದೆ.

ರಾಸ್‌ಬೆರಿ ಪೈ ವೈಫೈಯಲ್ಲಿ ಓಡುತ್ತಿದ್ದರೆ ಅದರ ವೈಫೈ ಪವರ್ ಸೇವ್ ಸಾಮಾನ್ಯವಾಗಿ ಆನ್ ಇರುತ್ತದೆ. ಕೆಲಸವಿಲ್ಲದಾಗ ರೇಡಿಯೊ ತೂಕಡಿಸುತ್ತದೆ, ಮೊದಲ ಕೂಗು ತಪ್ಪುತ್ತದೆ. ಅದನ್ನು ಆಫ್ ಮಾಡಬಹುದು. ಅದಕ್ಕಿಂತ ಒಂದು ಲ್ಯಾನ್ ಕೇಬಲ್ ಎಳೆದುಬಿಡುವುದು ಮೇಲು. ಸರ್ವರ್ ಎಂಬುದು ವೈಫೈಯಲ್ಲಿ ಇರಲೇಬಾರದು ಎನ್ನುವವನು ನಾನು.

ಪೈಗೆ ಕರೆಂಟ್ ಸಾಲದಿದ್ದರೂ ವಿಚಿತ್ರಗಳು ಆಗುತ್ತವೆ. ಪೈ 4ರ ಅಧಿಕೃತ ಅಡಾಪ್ಟರ್ 5.1 ವೋಲ್ಟ್, 3 ಆಂಪಿಯರ್. ಡ್ರಾಯರ್‌ನಲ್ಲಿ ಬಿದ್ದಿದ್ದ ಹಳೆ ಮೊಬೈಲ್ ಚಾರ್ಜರ್‌ನಿಂದ ಪೈ ಓಡಿಸಿ, ಅದಕ್ಕೇ ಹಾರ್ಡ್‌ಡಿಸ್ಕ್ ಬೇರೆ ಸಿಕ್ಕಿಸಿದರೆ ಡಿಸ್ಕ್ ಆಗಾಗ ಕಡಿದುಹೋಗುತ್ತದೆ. ಆಗ ಸರ್ವರ್ ಸಿಗುತ್ತದೆ, ಹಾಡುಗಳು ಸಿಗುವುದಿಲ್ಲ. ಈ ವ್ಯತ್ಯಾಸ ಗಮನಿಸಿ: ಪಟ್ಟಿ ಖಾಲಿ ಬಂದರೆ ನೆಟ್‌ವರ್ಕ್ ಮುಟ್ಟಬೇಡಿ, ಡಿಸ್ಕ್ ನೋಡಿ. ಅಂಥ ಹೊತ್ತಿನಲ್ಲಿ ಲೈಬ್ರರಿ ರೀಸ್ಕ್ಯಾನ್ ಮಾತ್ರ ಒತ್ತಲೇಬೇಡಿ. ಡಿಸ್ಕ್ ಇಲ್ಲದಾಗ ಸ್ಕ್ಯಾನ್ ಮಾಡಿದರೆ ಹಾಡೇ ಇಲ್ಲ ಎಂದು ಸರ್ವರ್ ಬರೆದುಕೊಂಡುಬಿಡಬಹುದು.

ನ್ಯಾಸ್‌ನಲ್ಲಿ ಡಿಸ್ಕ್‌ಗಳು ಸುಮ್ಮನಿದ್ದಾಗ ತಿರುಗುವುದನ್ನು ನಿಲ್ಲಿಸುತ್ತವೆ. ಮತ್ತೆ ತಿರುಗಲು ಹಲವು ಸೆಕೆಂಡು ಬೇಕು. ಅಷ್ಟರಲ್ಲಿ ಆ್ಯಪ್ ಕಾದು ಸುಸ್ತಾಗಿ ಕೈಚೆಲ್ಲುತ್ತದೆ. ಮೊದಲ ಸಲ ವಿಫಲ, ಎರಡನೇ ಸಲ ಒತ್ತಿದ ತಕ್ಷಣ ಸಫಲ ಎಂದರೆ ಇದೇ. ಡಿಸ್ಕ್ ಹೈಬರ್ನೇಶನ್ ಸಮಯ ಹೆಚ್ಚಿಸಿ, ಅಥವಾ ಇದಿಷ್ಟೇ ಎಂದು ಒಪ್ಪಿಕೊಂಡು ಎರಡು ಸಲ ಒತ್ತಿ.

ಡಾಕರ್‌ನಲ್ಲಿ ಸರ್ವರ್ ಓಡಿಸುವವರಿಗೆ ಒಂದು ಮಾತು. ಬ್ರಿಡ್ಜ್ ನೆಟ್‌ವರ್ಕ್‌ನಲ್ಲಿ ಡಿಎಲ್‌ಎನ್‌ಎ ಕೂಗು ಒಳಗೆ ಬರುವುದಿಲ್ಲ. ಹೋಸ್ಟ್ ಮೋಡ್ ಬೇಕು.

ಹಂತ 6: ರೂಟರ್ ಕೂಗನ್ನು ತಡೆಯುತ್ತಿದೆಯೇ?

ಡಿಎಲ್‌ಎನ್‌ಎ ಬಳಸುವವರಿಗೆ ಇದೇ ಮುಖ್ಯ ಹಂತ. ಆ್ಯಪ್ ತೆರೆದಾಗ ಸರ್ವರ್ ಕಾಣುತ್ತದೆ, ನಾಲ್ಕೈದು ನಿಮಿಷಕ್ಕೆ ಮಾಯವಾಗುತ್ತದೆ, ಸರ್ವರ್ ರೀಸ್ಟಾರ್ಟ್ ಮಾಡಿದರೆ ಮತ್ತೆ ಬರುತ್ತದೆ ಎಂದರೆ ‘ಐಜಿಎಂಪಿ ಸ್ನೂಪಿಂಗ್’ ಮೇಲೆ ಅನುಮಾನ ಪಡಿ.

ಏನಿದು? ಒಂದು ಗುಂಪಿಗೆಂದು ಕಳಿಸುವ ಸಂದೇಶವನ್ನು ಮಲ್ಟಿಕಾಸ್ಟ್ ಎನ್ನುತ್ತಾರೆ. ಡಿಎಲ್‌ಎನ್‌ಎ ಹುಡುಕಾಟ 239.255.255.250 ಎಂಬ ಗುಂಪಿನ ವಿಳಾಸಕ್ಕೆ, ಯುಡಿಪಿ 1900ರಲ್ಲಿ ಹೋಗುತ್ತದೆ. ಆ ಗುಂಪಿನಲ್ಲಿ ಯಾರಿದ್ದಾರೆ ಎಂದು ರೂಟರ್ ಅಥವಾ ಸ್ವಿಚ್ ಕದ್ದು ಕೇಳಿ ಪಟ್ಟಿ ಮಾಡಿಕೊಂಡು, ಅವರಿಗೆ ಮಾತ್ರ ಸಂದೇಶ ತಲುಪಿಸುತ್ತದೆ. ಇದು ಸ್ನೂಪಿಂಗ್. ಉದ್ದೇಶ ಒಳ್ಳೆಯದೇ. ಆದರೆ ಪಟ್ಟಿ ತಾಜಾ ಇರಬೇಕಾದರೆ ಯಾರಾದರೂ ಆಗಾಗ “ಇನ್ನೂ ಇದ್ದೀರಾ?” ಎಂದು ವಿಚಾರಿಸಬೇಕು. ಈ ಕೆಲಸ ಮಾಡುವವರನ್ನು ‘ಕ್ವೆರಿಯರ್’ ಎನ್ನುತ್ತಾರೆ. ಕ್ವೆರಿಯರ್ ಇಲ್ಲದಿದ್ದರೆ ಸ್ವಿಚ್ ಸ್ವಲ್ಪ ಹೊತ್ತು ಕಾದು ಹೆಸರು ತೆಗೆದುಹಾಕುತ್ತದೆ. ರೂಢಿಯ ಲೆಕ್ಕದಲ್ಲಿ ಆ ಅವಧಿ 260 ಸೆಕೆಂಡ್, ಅಂದರೆ ನಾಲ್ಕು ನಿಮಿಷ 20 ಸೆಕೆಂಡ್. ನಿಮ್ಮ ಚೀಟಿಯಲ್ಲಿ ಬರೆದ ಸಮಯ ಇದಕ್ಕೆ ಹತ್ತಿರ ಇದ್ದರೆ ಬೇರೆ ಸಾಕ್ಷಿ ಬೇಡ.

ರೂಟರ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ ಆಫ್ ಮಾಡಿ ಒಂದು ದಿನ ನೋಡಿ. ಕ್ವೆರಿಯರ್ ಆನ್ ಮಾಡುವ ಆಯ್ಕೆ ಇದ್ದರೆ ಅದು ಇನ್ನೂ ಉತ್ತಮ. ಕಂಪನಿಯ ಪೆಟ್ಟಿಗೆಯಲ್ಲಿ ಇಂಟರ್ನೆಟ್ ಟಿವಿ ಸೇವೆ ಇದ್ದರೆ ಅದೂ ಮಲ್ಟಿಕಾಸ್ಟ್ ಬಳಸುತ್ತಿರಬಹುದು. ಸ್ನೂಪಿಂಗ್ ಆಫ್ ಮಾಡಿದ ಮೇಲೆ ಟಿವಿ ತಡವರಿಸಿದರೆ ಮೊದಲಿದ್ದಂತೆ ಮಾಡಿಬಿಡಿ.

ಲಿರಿಯಾನ್ ಮತ್ತು ಜೆಲ್ಲಿಫಿನ್ ಆ್ಯಪ್‌ಗಳ ಹುಡುಕಾಟಕ್ಕೆ ಈ ಸಮಸ್ಯೆ ತಟ್ಟುವುದಿಲ್ಲ. ಅವು ಗುಂಪಿಗಲ್ಲ, ಎಲ್ಲರಿಗೂ ಕೂಗುತ್ತವೆ. ಅದಕ್ಕೆ ಬ್ರಾಡ್‌ಕಾಸ್ಟ್ ಎನ್ನುತ್ತಾರೆ. ಅವಕ್ಕೆ ಅಡ್ಡ ಬರುವುದು ಫೈರ್‌ವಾಲ್, ಐಸೊಲೇಶನ್ ಮತ್ತು ಎರಡು ನೆಟ್‌ವರ್ಕ್. ಹಾಗಾಗಿ ಲಿರಿಯಾನ್‌ನವರು ಐಜಿಎಂಪಿ ಹಿಂದೆ ಬಿದ್ದು ಸಂಜೆ ಹಾಳುಮಾಡಿಕೊಳ್ಳಬೇಡಿ.

ಹಂತ 7: ವೈಫೈ ಚಾನೆಲ್

5 ಗಿಗಾಹರ್ಟ್ಸ್ ವೈಫೈಯಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ರೇಡಾರ್ ಸದ್ದು ಬಂತು ಎಂದು ರೂಟರಿಗೆ ಅನ್ನಿಸಿದರೆ ಆ ಚಾನೆಲ್ ಬಿಟ್ಟು ಓಡಬೇಕು, ಅದು ನಿಯಮ. ಹೊಸ ಚಾನೆಲ್ ಕೂಡ ಅದೇ ಗುಂಪಿನದಾದರೆ ಶುರುಮಾಡುವ ಮೊದಲು ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಬೇಕು. ಆ ಹೊತ್ತಿನಲ್ಲಿ ಎಲ್ಲರ ಸಂಪರ್ಕವೂ ಕಡಿಯುತ್ತದೆ. ರೂಟರ್‌ನಲ್ಲಿ ‘ಆಟೋ’ ಬದಲು 36ರಿಂದ 48ರ ಒಳಗಿನ ಚಾನೆಲ್ ಆರಿಸಿದರೆ ಈ ಓಡಾಟ ಇರುವುದಿಲ್ಲ. ಅಲ್ಲಿ 80 ಮೆಗಾಹರ್ಟ್ಸ್ ಅಗಲ ಸಾಕು. 160 ಇಟ್ಟರೆ ಮತ್ತೆ ರೇಡಾರ್ ಜಾಗಕ್ಕೆ ಕಾಲು ಚಾಚುತ್ತದೆ.

ಹಂತ 8: ಮನೆಯ ಹೊರಗೆ ಹೋದಾಗ

ಇದು ದೋಷವಲ್ಲ, ಆದರೂ ಕೇಳುತ್ತಾರೆ. 192.168 ಎಂದು ಶುರುವಾಗುವ ವಿಳಾಸ ಮನೆಯೊಳಗೆ ಮಾತ್ರ. ಬಸ್ಸಿನಲ್ಲಿ ಕೂತು ಹಾಡು ಕೇಳಬೇಕೆಂದರೆ ಟೇಲ್‌ಸ್ಕೇಲ್ ಅಥವಾ ವೈರ್‌ಗಾರ್ಡ್ ಥರದ ಖಾಸಗಿ ವಿಪಿಎನ್ ಹಾಕಿಕೊಳ್ಳಿ. ರೂಟರ್‌ನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಮಾಡಿ 9000ನ್ನು ಇಂಟರ್ನೆಟ್‌ಗೆ ತೆರೆಯಬೇಡಿ. ಲಿರಿಯಾನ್‌ಗೆ ನೀವಾಗಿ ಹಾಕದ ಹೊರತು ಪಾಸ್‌ವರ್ಡೇ ಇರುವುದಿಲ್ಲ.

ಇಷ್ಟಾದರೂ ಹೋಗದಿದ್ದರೆ

ಯಾವ ಹಂತದಲ್ಲೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದು ದಿನ ಬಿಟ್ಟು ನೋಡಿ. ನಾಲ್ಕು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಬೇಡದ ಮೂರು ಹಾಗೇ ಉಳಿದುಬಿಡುತ್ತವೆ.

ಬೇರೆಯವರ ಸಹಾಯ ಕೇಳುವುದಾದರೆ “ಆ್ಯಪ್ ವರ್ಕ್ ಆಗ್ತಿಲ್ಲ” ಎಂದಷ್ಟೇ ಬರೆಯಬೇಡಿ. ಸರ್ವರ್ ಯಾವುದು, ಯಾವ ಆವೃತ್ತಿ, ಯಾವುದರ ಮೇಲೆ ಓಡುತ್ತಿದೆ, ಕೇಬಲ್ಲೋ ವೈಫೈಯೋ. ಫೋನ್ ಮತ್ತು ಸರ್ವರ್‌ನ ಐಪಿ ವಿಳಾಸ. 192.168 ಎಂದು ಶುರುವಾಗುವುದನ್ನು ಬರೆಯಲು ಹೆದರಬೇಕಿಲ್ಲ, ಹೊರಗಿನವರಿಗೆ ಅದರಿಂದ ಏನೂ ಸಿಗದು. ತಪ್ಪಿದ ಗಳಿಗೆಯಲ್ಲಿ ಬ್ರೌಸರ್ ಪುಟ ತೆರೆಯಿತೇ ಇಲ್ಲವೇ. ಎಷ್ಟು ಹೊತ್ತಿಗೆ ತಪ್ಪಿತು, ಎಷ್ಟು ಹೊತ್ತಿಗೆ ಬಂತು. ಸರ್ವರ್‌ನ ಲಾಗ್, ಅಂದರೆ ಅದು ತಾನೇ ಬರೆದುಕೊಳ್ಳುವ ದಿನಚರಿ, ಲಿರಿಯಾನ್‌ನಲ್ಲಿ ಸೆಟ್ಟಿಂಗ್ಸ್‌ನ ‘ಇನ್ಫರ್ಮೇಶನ್’ ಪುಟದ ಕೊನೆಯಲ್ಲಿ ಸಿಗುತ್ತದೆ. ಪೂರ್ತಿ ಕಳಿಸಬೇಡಿ. ನೀವು ಬರೆದಿಟ್ಟ ಸಮಯದ ಹಿಂದೆ ಮುಂದೆ ಐದು ನಿಮಿಷದ ಸಾಲುಗಳು ಸಾಕು.